ಹದಿನೆಂಟು ಕೋಳಿ, ಮೂರು ಕೈಪಿಡಿ

ಹಿತ್ತಿಲಲ್ಲಿ ಸಾಕುವ ಮಾಂಸದ ಕೋಳಿಮರಿಗಳನ್ನು ಮನೆಮನೆಗೆ ತಲುಪಿಸುವ ಕಂಪನಿಯ ಗ್ರಾಹಕ ಸೇವೆಯ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯೂ, ತಮ್ಮ ದೂರವಾಣಿಯೊಳಗೆ ಕುಳಿತು ಹಗಲಿರುಳು ಒಂದೇ ದನಿಯಲ್ಲಿ “ನಿಮ್ಮ ಕರೆ ನಮಗೆ ಅಮೂಲ್ಯ” ಎನ್ನುವ ಆ ಹೆಣ್ಣುಮಗಳೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾವು ಕ್ಷೇಮ. ಕೋಳಿಗಳ ಕ್ಷೇಮವನ್ನು ಮಾತ್ರ ವಿಚಾರಿಸಬೇಡಿ, ಅದನ್ನು ಹೇಳುವುದಕ್ಕೇ ಈ ಪತ್ರ. ನಾನು ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಸಾರ್ವಜನಿಕರ ದೂರುಗಳಿಗೆ ಉತ್ತರ ಟೈಪು ಮಾಡುವವಳು. “ತಮ್ಮ ದೂರನ್ನು ಸ್ವೀಕರಿಸಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು” ಎಂಬ ವಾಕ್ಯವನ್ನು ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲೆ. ಆದ್ದರಿಂದ ಅದೇ ವಾಕ್ಯವನ್ನು ನನಗೆ ಕಳುಹಿಸುವ ಶ್ರಮ ತೆಗೆದುಕೊಳ್ಳಬಾರದೆಂದು ವಿನಂತಿ.

ನಮ್ಮದು ಒಂದು ಹಿತ್ತಿಲು, ಮೂರು ಅಡುಗೆಮನೆ. ಮೊದಲನೆಯದು ತಕ್ಕಡಿ ರಿಪೇರಿ ಮಾಡುವ ಭಾವನದು, ಎರಡನೆಯದು ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಗಳನ್ನು ತೊಳೆದಿಡುವ ನನ್ನ ಯಜಮಾನರದು, ಮೂರನೆಯದು ಪ್ರೆಸ್ಸಿನಲ್ಲಿ ಕೆಲಸ ಮಾಡುವ ಮೈದುನನದು. ಬಟ್ಟೆ ಒಣಹಾಕುವ ಹಗ್ಗದ ಬಿಸಿಲಿರುವ ತುದಿ ಯಾರದೆಂಬ ಘನವಾದ ಪ್ರಶ್ನೆಯ ಮೇಲೆ ಹನ್ನೊಂದು ತಿಂಗಳಿಂದ ಈ ಮೂರು ಅಡುಗೆಮನೆಗಳ ನಡುವೆ ಮಾತಿರಲಿಲ್ಲ. ಹಿತ್ತಿಲಿಗೆ ಎರಡು ಗೋಡೆ ಎಬ್ಬಿಸಿ ಮೂರು ಭಾಗ ಮಾಡಿಕೊಡಬೇಕೆಂದು ಮೂವರು ಗಂಡುಮಕ್ಕಳೂ ನಮ್ಮತ್ತೆಯ ಮುಂದೆ ಬೇರೆಬೇರೆಯಾಗಿ ಹೋಗಿ ನಿಂತರು. ಈ ಒಂದು ವಿಷಯದಲ್ಲಿ ಅವರಲ್ಲಿ ಅಪಾರ ಒಗ್ಗಟ್ಟಿತ್ತು.

ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. “ಹದಿನೆಂಟು ಮರಿ ತರಿಸ್ತೀನಿ. ಮೂರು ಮನೆಯವರೂ ಸೇರಿ ನಲವತ್ತೆರಡು ದಿನ ಸಾಕಿ, ಒಂದೇ ಪಾತ್ರೇಲಿ ಬೇಯಿಸಿ, ಒಂದೇ ಸಾಲಲ್ಲಿ ಕೂತು ತಿನ್ನಿ. ಅಷ್ಟೂ ಆಗಲ್ಲ ಅಂದ್ರೆ ನಲವತ್ತಮೂರನೇ ದಿನ ಮೇಸ್ತ್ರಿ ಬರ್ತಾನೆ, ಗೋಡೆ ಕಟ್ಟಿಸ್ಕೊಂಡು ಸುಖವಾಗಿರಿ” ಎಂದರು. ಗಾರೆ ಮೇಸ್ತ್ರಿಗೆ ಅಂದೇ ದಿನ ಗೊತ್ತು ಮಾಡಿದರು. ತಮಗೆ ಹದಿನೆಂಟು ಮರಿಗಳ ಆರ್ಡರು ಬಂದದ್ದು ಹೀಗೆ. ಹೊಟ್ಟೆಪಾಡಿಗಲ್ಲ, ಹಿತ್ತಿಲ ಪಾಡಿಗೆ.

ತಮ್ಮ ಅರ್ಜಿ ನಮೂನೆಯಲ್ಲಿ “ಕುಟುಂಬಗಳ ಸಂಖ್ಯೆ” ಎಂಬ ಕಾಲಂ ಇತ್ತು. ಭರ್ತಿ ಮಾಡಿದವಳು ನಾನೇ. ಸರ್ಕಾರಿ ಕೈ, ಸುಳ್ಳು ಬರೆಯುವುದಿಲ್ಲ: “ಮೂರು” ಎಂದು ಬರೆದೆ. ತಾವೂ ಅಷ್ಟೇ ಪ್ರಾಮಾಣಿಕರಾಗಿ ಮರಿ ಹದಿನೆಂಟನ್ನೇ ಕಳುಹಿಸಿ, ಕೈಪಿಡಿ ಮಾತ್ರ ಮೂರು, ಮೇವಿನ ಮೂಟೆ ಮೂರು, ಅಳತೆ ಡಬ್ಬಿ ಮೂರು ಕಳುಹಿಸಿದಿರಿ. ಮೂರೂ ಕೈಪಿಡಿಗಳ ಏಳನೇ ಪುಟದಲ್ಲಿ ಒಂದೇ ಆಜ್ಞೆ: ಹದಿನೆಂಟು ಮರಿಗಳಿಗೆ ಮೊದಲ ವಾರ ಇಷ್ಟು ಡಬ್ಬಿ, ಎರಡನೇ ವಾರ ಇಷ್ಟು ಡಬ್ಬಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಇದಕ್ಕಿಂತ ಹೆಚ್ಚು ಸಲ್ಲದು. ಇನ್ನಿಬ್ಬರು ಹಾಕಿದ್ದಾರೆಯೇ ಎಂದು ಕೇಳಿ ಹಾಕಿ ಎಂಬ ಒಂದು ಸಾಲು ಮಾತ್ರ ಎಲ್ಲೂ ಇರಲಿಲ್ಲ. ಕೇಳುವುದಕ್ಕೆ ನಮ್ಮಲ್ಲಿ ಮಾತೂ ಇರಲಿಲ್ಲವೆನ್ನುವುದು ಬೇರೆ ವಿಷಯ, ಅದಕ್ಕೆ ತಮ್ಮನ್ನು ದೂರುವುದಿಲ್ಲ.

ನಡೆದದ್ದು ಇಷ್ಟು. ನಾನು ಬೆಳಕು ಹರಿಯುವ ಮುನ್ನ ಹೋಗಿ ಲೆಕ್ಕಪ್ರಕಾರ ಮೇವು ಹಾಕಿ ಬರುತ್ತಿದ್ದೆ. ಅರ್ಧ ಗಂಟೆಯಲ್ಲಿ ಕೋಳಿಗಳು ತೊಟ್ಟಿಯನ್ನು ತೊಳೆದಿಟ್ಟ ಹಾಗೆ ಮಾಡುತ್ತಿದ್ದವು. ಆಮೇಲೆ ಹಿರಿ ಓರಗಿತ್ತಿ, ಅಂದರೆ ಭಾವನ ಹೆಂಡತಿ, ನಾನು ಅಕ್ಕ ಎನ್ನುವವರು, ಬಂದು ಖಾಲಿ ತೊಟ್ಟಿ ನೋಡಿ, ಮಿಕ್ಕ ಇಬ್ಬರ ಸೋಮಾರಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡು ತಮ್ಮ ಮೂಟೆಯಿಂದ ಹಾಕುತ್ತಿದ್ದರು. ಅದೂ ಖಾಲಿಯಾದ ಮೇಲೆ ಮೈದುನನ ಹೆಂಡತಿ ಬಂದು ಅಯ್ಯೋ ಪಾಪವೆಂದು ಹಾಕುತ್ತಿದ್ದಳು. ಸಂಜೆಯೂ ಇದೇ ಮೆರವಣಿಗೆ. ಅತ್ತೆ ಒಡ್ಡಿದ ಪರೀಕ್ಷೆ ಕೆಟ್ಟರೆ ಅದು ನಮ್ಮಿಂದ ಕೆಟ್ಟಿತೆನಿಸಬಾರದು ಎಂಬ ಒಂದೇ ಹಟದಿಂದ ಮೂರು ಮನೆಯವರೂ ಪ್ರತಿದಿನ ಪುಣ್ಯ ಕಟ್ಟಿಕೊಂಡೆವು. ತಮ್ಮ ಕೋಳಿಗಳಾದರೂ ಒಮ್ಮೆಯಾದರೂ ಬೇಡವೆಂದವೇ? ಇಲ್ಲ. ಮುಂದಿನ ತಳಿಗೆ “ಆಯ್ತು, ಈಗಷ್ಟೇ ಊಟ ಮಾಡಿದೆ” ಎಂದು ಹೇಳುವಷ್ಟು ಸೌಜನ್ಯವನ್ನು ಕಲಿಸಿ ಕಳುಹಿಸಬೇಕಾಗಿ ಕೋರುತ್ತೇನೆ.

ನಲವತ್ತೆರಡನೇ ದಿನ ಎರಡು ಕಿಲೋ ತೂಗುತ್ತದೆಂದು ತಾವು ಬಣ್ಣದ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದೀರಿ. ನಮ್ಮವು ಮೂವತ್ತನೇ ದಿನಕ್ಕೇ ಅದನ್ನು ದಾಟಿದವು. ಭಾವ ತಮ್ಮ ತಕ್ಕಡಿಯೇ ಕೆಟ್ಟಿದೆಯೆಂದು ಅದನ್ನು ಬಿಚ್ಚಿ ಒಂದು ಭಾನುವಾರವಿಡೀ ಸ್ಕ್ರೂಗಳ ನಡುವೆ ಕುಳಿತಿದ್ದರು. ಮೂವತ್ತೊಂದನೇ ದಿನ ಕೋಳಿಗಳ ಕಾಲು ಸೋತವು. ಮೂಗಿಗಿಂತ ಮೂಗುತಿ ಭಾರವಾದರೆ ಇನ್ನೇನಾಗುತ್ತದೆ? ತೊಟ್ಟಿಯ ಸುತ್ತ ಕುಳಿತೇ ತಿಂದವು, ಎದೆಯ ಮೇಲೆ ತೆವಳಿ ನೀರಿಗೆ ಹೋದವು, ತೆವಳಲಾರದವು ನೀರನ್ನೇ ಮರೆತವು. ಒಂದಂತೂ ತೊಟ್ಟಿಯೊಳಗೆ ಕೊಕ್ಕಿಟ್ಟುಕೊಂಡೇ ಸತ್ತಿತ್ತು. ನಾಲ್ಕು ದಿನದಲ್ಲಿ ಮೂರು ಹೋದವು. ಉಳಿದವನ್ನು ನೋಡುವಾಗ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಕೊಂದು ತಿನ್ನುವುದಕ್ಕೇ ಸಾಕಿದರೂ, ಬದುಕಿರುವಷ್ಟು ದಿನ ನಿಲ್ಲುವುದಕ್ಕೆ ಕಾಲಾದರೂ ಇರಬೇಕಲ್ಲವೇ? ಕಾಲು ಕೊಡುವುದು ತಮ್ಮ ಯೋಜನೆಯಲ್ಲಿಲ್ಲದಿದ್ದರೆ, ಇನ್ನು ಮುಂದೆ ಮರಿಗಳಿಗೆ ಹುಟ್ಟುವಾಗಲೇ ಸಣ್ಣ ಗಾಲಿಗಳನ್ನು ಜೋಡಿಸಿಕೊಡಬಹುದು.

ತಮ್ಮ ದೂರವಾಣಿಗೆ ಕರೆ ಮಾಡಿದೆ. ಒಂದನ್ನು ಒತ್ತಿದೆ, ನಾಲ್ಕನ್ನು ಒತ್ತಿದೆ, ಮತ್ತೆ ಒಂದಕ್ಕೇ ಬಂದು ನಿಂತೆ. ಕೊನೆಗೆ ಪತ್ರ ಬರೆದೆ. ತಾವು ಎಷ್ಟು ಚುರುಕೆಂದರೆ ಐದನೇ ದಿನಕ್ಕೇ ಉತ್ತರ ಬಂತು: ನಾಲ್ಕನೆಯ ಕೈಪಿಡಿ. ಅದನ್ನು ಅತ್ತೆಯ ಹಾಸಿಗೆಯ ಪಕ್ಕದ ಮೇಜಿನ ಕುಂಟ ಕಾಲಿನ ಕೆಳಗೆ ಇಟ್ಟಿದ್ದೇವೆ. ತಮ್ಮ ಕಂಪನಿಯಿಂದ ಒಂದು ಕಾಲಿಗಾದರೂ ಉಪಕಾರವಾಯಿತೆಂದು ಇಲ್ಲಿ ದಾಖಲಿಸಬಯಸುತ್ತೇನೆ.

ಈ ನಡುವೆ ಹಿತ್ತಿಲಿಗೆ ಇಟ್ಟಿಗೆ ಬಂದಿಳಿದಿತ್ತು. ಪರೀಕ್ಷೆಯಲ್ಲಿ ನಾವು ಫೇಲಾಗುವುದು ಖಂಡಿತವೆಂಬ ವಿಶ್ವಾಸದಿಂದ ಭಾವ ಮುಂಚಿತವಾಗಿಯೇ ತರಿಸಿದ್ದರು. ಮೇಸ್ತ್ರಿ ಬಂದು ದಾರ ಹಿಡಿದು ಗುರುತು ಹಾಕಿದಾಗ ಒಂದು ಗೋಡೆ ಸರಿಯಾಗಿ ಕೋಳಿಗೂಡಿನ ನಡುಮಧ್ಯೆ ಹಾದುಹೋಯಿತು. ಅತ್ತೆ ಆ ದಾರವನ್ನು ನೋಡಿ ಒಳಗೆ ಹೋದರು. ಆ ದಿನ ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಮೂವತ್ತಾರನೇ ದಿನ ಅವರು ಮೂರು ಬಾಗಿಲಿಗೂ ಕೇಳಿಸುವಂತೆ ಹೇಳಿದರು: “ಕಾಲಿಲ್ಲದ ಜೀವಾನ ಇಟ್ಕೊಂಡು ಪಂತ ಆಡಬೇಡಿ. ನಾಳೆ ಬೆಳಿಗ್ಗೆ ಮುಗಿಸಿ. ಇವತ್ತು ಸಂಜೆ ಯಾರೂ ಒಂದು ಕಾಳೂ ಹಾಕಕೂಡದು.” ತಮ್ಮ ಕೈಪಿಡಿಯ ಮೂವತ್ತನೇ ಪುಟವೂ ಅದನ್ನೇ ಹೇಳುತ್ತದೆ: ಕೊಯ್ಯುವ ಮುನ್ನ ಹನ್ನೆರಡು ಗಂಟೆ ಮೇವಿಲ್ಲದೆ ಇಟ್ಟರೆ ಕುತ್ತಿಗೆಯ ಬುಡದ ಮೇವುಚೀಲ ಬರಿದಾಗಿ ಕೆಲಸ ಸ್ವಚ್ಛವಾಗುತ್ತದೆ.

ಬೆಳಿಗ್ಗೆ ನೀರು ಕಾಯಿಸಲು ಒಲೆ ಬೇಕಾಯಿತು. ಹತ್ತಿರ ಇದ್ದದ್ದು ಗೋಡೆಯ ಇಟ್ಟಿಗೆ. ಅವನ್ನೇ ಸುತ್ತ ಪೇರಿಸಿ ಅಕ್ಕನ ದೊಡ್ಡ ಹಂಡೆ ಇಟ್ಟು, ನನ್ನ ಮನೆಯ ಮುಚ್ಚಳ ಮುಚ್ಚಿ, ಮೈದುನನ ಮನೆಯ ಸೌದೆ ಉರಿಸಿದೆವು. ನನ್ನ ಯಜಮಾನರು ಪ್ರಯೋಗಶಾಲೆಯ ಥರ್ಮಾಮೀಟರು ತಂದು, ಅರವತ್ತೆರಡು ಡಿಗ್ರಿಯಲ್ಲಿ ಒಂದು ನಿಮಿಷ ಅದ್ದಬೇಕೆಂದು ಪಾಠ ಮಾಡಿದರು. ಆದರೆ ಅದನ್ನು ನೀರಿನಿಂದ ಹೊರತೆಗೆದು, ಕನ್ನಡಕ ಹುಡುಕಿ, ಹಾಕಿಕೊಂಡು ಓದುವುದು ಅವರ ಪದ್ಧತಿಯಾದ್ದರಿಂದ ಮೊದಲ ಕೋಳಿ ಪುಕ್ಕದ ಜೊತೆ ಚರ್ಮವನ್ನೂ ಬಿಚ್ಚಿಕೊಟ್ಟಿತು. ಅದಕ್ಕೂ ಮುಂಚೆ, ಕೊಯ್ಯುವ ಭಾರ ಹೊತ್ತ ಮೂವರು ಗಂಡಸರು ಒಂದೇ ಕೋಳಿಯನ್ನು ಆರು ಕೈಗಳಲ್ಲಿ ಹಿಡಿದು ನಿಂತು, ಚಾಕು ಯಾರ ಕೈಯಲ್ಲಿರಬೇಕೆಂಬ ಚರ್ಚೆಗೆ ತೊಡಗಿದ್ದರು. ನಾವೆಲ್ಲ “ಮೌನಿ” ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದ ಮೈದುನನ ಹೆಂಡತಿ ಬಂದು, “ಬಿಡಿ, ಅದಕ್ಕೆ ಹೆದರಿಕೆ ಆಗುತ್ತೆ” ಎಂದು ಅದನ್ನು ಅವರಿಂದ ತೆಗೆದುಕೊಂಡು, ತುದಿ ಕತ್ತರಿಸಿ ಗೂಟಕ್ಕೆ ಕಟ್ಟಿದ್ದ ದೊಡ್ಡ ತಗಡಿನ ಆಲಿಕೆಯೊಳಗೆ ತಲೆಕೆಳಗಾಗಿ ಇಳಿಸಿ, ಒಂದೇ ಏಟಿಗೆ ಮುಗಿಸಿದಳು. ಹದಿನೈದನ್ನೂ ಅವಳೇ ಮುಗಿಸಿದಳು. ಗಂಡಸರಿಗೆ ಪುಕ್ಕ ಕೀಳುವ ಹುದ್ದೆ ಸಿಕ್ಕಿತು.

ಅಕ್ಕ, ನಾನು, ಅತ್ತೆ ಹೊಟ್ಟೆ ಬಗೆಯಲು ಕುಳಿತೆವು. ಬರಿದಾಗಿರಬೇಕಿದ್ದ ಮೇವುಚೀಲಗಳು ಚೆಂಡಿನ ಹಾಗೆ ಗಟ್ಟಿಯಾಗಿದ್ದವು. ಮೊದಲನೆಯದನ್ನು ಅಕ್ಕ ಸೀಳಿದರು. ಒಳಗಿನಿಂದ ಅನ್ನ ಬಂತು. ಅಕ್ಕನ ಮನೆಯ ದಪ್ಪಕ್ಕಿ ಅನ್ನ, ಗುರುತು ಸಿಗದೇ ಇರುತ್ತದೆಯೇ? ಅವರ ಕಿವಿ ಕೆಂಪಾಯಿತು. ಜೊತೆಗೆ ಆಲೂಗಡ್ಡೆ ಸಿಪ್ಪೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಾನು ಸೆರಗಿನಿಂದ ಕೈ ಒರೆಸಿಕೊಂಡೆ, ಹಿಂದಿನ ಸಂಜೆ ಆ ಸಿಪ್ಪೆ ಹೆಚ್ಚಿದ್ದು ನನ್ನ ಈಳಿಗೆಮಣೆಯ ಮೇಲೆ. ಹಸಿದು ಸಾಯುವುದು ಬೇಡವೆನಿಸಿತ್ತು, ಅಷ್ಟೇ. ಎರಡನೆಯದರಲ್ಲಿ ಬ್ರೆಡ್ಡಿನ ಅಂಚು. ಬ್ರೆಡ್ಡು ತಿನ್ನುವುದು ಮೈದುನನ ಮನೆಯಲ್ಲಿ ಮಾತ್ರ. ಮೂರನೆಯದನ್ನು ಸೀಳಿದಾಗ ನೆನೆಸಿದ ಕಡಲೆಕಾಳು, ಒಂದು ಹಿಡಿ, ಇಡಿಯಾಗಿ. ಬಲ ಬರಲೆಂದು ಡಾಕ್ಟರು ದಿನವೂ ತಿನ್ನಲು ಹೇಳಿದ್ದ ಕಡಲೆ ನಮ್ಮ ಮನೆಯಲ್ಲಿ ಒಬ್ಬರಿಗೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅತ್ತೆ ಆಕಾಶ ನೋಡುತ್ತ ಕುಳಿತಿದ್ದರು.

ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅಕ್ಕ ನನ್ನ ಮುಖ ನೋಡಿ ಮಾತಾಡಿದರು: “ನೀನು ಹಾಕಲ್ಲ ಅಂದ್ಕೊಂಡೆ ಕಣೇ.” ನಾನು, ನೀವು ಹಾಕಲ್ಲ ಅಂದ್ಕೊಂಡೆ ಅಕ್ಕ, ಎಂದೆ. ಆಲಿಕೆಯ ಬಳಿಯಿಂದ ಮೌನಿ, ನಾನಂತೂ ನೀವಿಬ್ಬರೂ ಹಾಕಲ್ಲ ಅಂದ್ಕೊಂಡಿದ್ದೆ, ಎಂದಳು. ಮಾನ್ಯರೇ, ಮೂರು ಕೋಳಿ ಸತ್ತದ್ದೂ ಹದಿನೈದು ಕುಂಟಿದ್ದೂ ಯಾರೋ ಹಾಕಲಿಲ್ಲವೆಂದಲ್ಲ. ನನಗೆ ಅಲ್ಲೇ, ರಕ್ತದ ಕೈಯಲ್ಲೇ, ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಕೊಳ್ಳಲು ನಕ್ಕೆ, ಆಮೇಲೆ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ಗಂಡಸರು ಪುಕ್ಕ ಹಿಡಿದುಕೊಂಡು ಪೆಚ್ಚಾಗಿ ನೋಡಿದರು. ಒಂದೇ ಹಂಡೆಯಲ್ಲಿ ಬೇಯಿಸಿ, ಒಂದೇ ಸಾಲಲ್ಲಿ ಕುಳಿತು ತಿಂದೆವು. ತಮಗೆ ಸಂತೋಷವಾಗಲೆಂದು ಸುಳ್ಳು ಹೇಳುವುದಿಲ್ಲ: ಮಾಂಸದಲ್ಲಿ ಬರೀ ಕೊಬ್ಬು, ರುಚಿ ಸೊನ್ನೆ.

ಆದರೂ ಅತ್ತೆ ಹೇಳಿದ ನಲವತ್ತೆರಡು ದಿನ ನಾವು ಕೋಳಿ ಸಾಕಿರಲಿಲ್ಲವಾಗಿ, ಮೊದಲೇ ಗೊತ್ತಾಗಿದ್ದಂತೆ ನಲವತ್ತಮೂರನೇ ದಿನ ಮೇಸ್ತ್ರಿ ಸರಿಯಾಗಿ ಬಂದ. ಅಷ್ಟರಲ್ಲಿ ಇಟ್ಟಿಗೆಯಲ್ಲಿ ಒಂದು ಪಾಲು ಒಲೆಯಾಗಿ ಮಸಿ ಹಿಡಿದಿತ್ತು. ಮಿಕ್ಕದ್ದನ್ನು ಅತ್ತೆ ಮೂವರು ಮಕ್ಕಳ ಕೈಯಿಂದಲೇ ಹೊರಿಸಿ ಕೋಳಿಗೂಡಿಗೆ ನೆಲ ಹಾಸಿಸಿದ್ದರು. ಇಟ್ಟಿಗೆ ಇಲ್ಲದೆ ಗೋಡೆ ಹೇಗಮ್ಮ, ಹೊಸದು ತರಿಸಿ ಹೇಳಿ ಕಳಿಸಿ ಎಂದು ಅವನು ಹೊರಟುಹೋದ. ಇದಾಗಿ ನಾಲ್ಕು ತಿಂಗಳಾಯಿತು. ತಮ್ಮಂದಿರು ತರಿಸುತ್ತಾರೆಂದು ಭಾವ, ಅಣ್ಣ ತರಿಸುತ್ತಾನೆಂದು ಇವರು, ಇಬ್ಬರಲ್ಲೊಬ್ಬರು ತರಿಸಿಯೇ ಇರುತ್ತಾರೆಂದು ಮೈದುನ ಕಾಯುತ್ತಿದ್ದಾರೆ.

ಆದ್ದರಿಂದ ತಾವು ದಯಮಾಡಿ ಇನ್ನೂ ಹದಿನೆಂಟು ಮರಿಗಳನ್ನು, ಸಾಧ್ಯವಾದರೆ ಕಾಲುಗಳ ಸಮೇತ, ಕಳುಹಿಸಬೇಕು. ನಮೂನೆಯನ್ನು ಲಗತ್ತಿಸಿದ್ದೇನೆ. ಕುಟುಂಬಗಳ ಸಂಖ್ಯೆಯ ಕಾಲಂನಲ್ಲಿ ಈ ಸಲ “ಒಂದು” ಎಂದು ಬರೆದಿದ್ದೇನೆ. ಡಬ್ಬಿಯೂ ಒಂದೇ ಸಾಕು. ಕೈಪಿಡಿ ಬೇಡವೇ ಬೇಡ, ಮನೆಯಲ್ಲಿ ಇನ್ನು ಕುಂಟ ಮೇಜುಗಳಿಲ್ಲ.

ತಮ್ಮ ವಿಶ್ವಾಸಿ,
ಹದಿನೆಂಟು ಕೋಳಿಗಳ ಮನೆಯ ನಡುವಿನ ಸೊಸೆ

ತಾಜಾಕಲಂ: ಇದು ಪತ್ರಿಕೆಗೂ ಕಳುಹಿಸಿರುವ ಬಹಿರಂಗ ಪತ್ರವಾದರೂ ಮನೆಯವರು ಓದುವ ಭಯವಿಲ್ಲ, ಪತ್ರಿಕೆಯನ್ನು ಇನ್ನೊಬ್ಬರು ತರಿಸುತ್ತಾರೆಂದು ಮೂವರೂ ನಿಲ್ಲಿಸಿದ್ದಾರೆ. ಇಟ್ಟಿಗೆಗೆ ಯಾರೂ ಹೇಳಿಲ್ಲವೆಂಬ ಗುಟ್ಟು ಹೊರಬಿದ್ದರೆ ಮೂರು ಲೋಡು ಒಂದೇ ದಿನ ಬಂದಿಳಿಯುತ್ತದೆ. ಇಂಥ ಗುಟ್ಟನ್ನು ಎಲ್ಲಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಬಹಳ ಯೋಚಿಸಿ, ಕೊನೆಗೆ ತಮ್ಮ ದೂರು ವಿಭಾಗಕ್ಕೆ ಕಳುಹಿಸುತ್ತಿದ್ದೇನೆ.