ಮಗಳ ಕಾಲೇಜು ಸೀಟಿನಲ್ಲಿ ನಾನು

ದುಬೈಗೆ ಬಂದ ಈ ಹದಿನಾಲ್ಕು ವರ್ಷಗಳಲ್ಲಿ (ಹೆಂಡತಿಯ ಪ್ರಕಾರ ಹದಿನಾರು, ನನ್ನ ನೆನಪಿನ ಮೇಲೆ ನನಗೇ ಅಂಥ ಭರವಸೆಯಿಲ್ಲ) ನಾನು ತುಂಬದ ಅರ್ಜಿಯಿಲ್ಲ. ವೀಸಾ, ಬಾಡಿಗೆ ಕರಾರು, ನೀರು, ಕರೆಂಟು ಎಲ್ಲವೂ ನನ್ನ ಕೈಯಿಂದಲೇ, ನನ್ನ ಹೆಸರಿನಲ್ಲೇ. ಇಲ್ಲಿ ನನ್ನಂಥವನಿಗೆ ಸ್ಪಾನ್ಸರ್ ಎನ್ನುತ್ತಾರೆ. ಹೆಂಡತಿ, ಮಗಳು ಈ ದೇಶದಲ್ಲಿರುವುದೇ ನನ್ನ ವೀಸಾದ ನೆರಳಿನಲ್ಲಿ. ಮಗಳ ಫೋನಿನ ಸಿಮ್ ಕೂಡ ನನ್ನ ಹೆಸರಿನದು. ಇಂಥ ಅನುಭವಸ್ಥನಿಗೆ ಒಂದು ಕೋರ್ಸಿನ ಅರ್ಜಿ ಯಾವ ಲೆಕ್ಕ!

ಕೋರ್ಸಿನ ವಿಷಯ ಹೀಗೆ. ಮಗಳು ನಿಧಿ ಹನ್ನೊಂದನೇ ತರಗತಿ. ಶಾಲೆಯಲ್ಲಿದ್ದುಕೊಂಡೇ ವಿಶ್ವವಿದ್ಯಾಲಯದ ಒಂದು ಕೋರ್ಸ್ ಓದಿ, ಅದರ ಕ್ರೆಡಿಟ್ಟನ್ನು ಮುಂದೆ ಪದವಿಗೆ ಸೇರಿಸಿಕೊಳ್ಳುವ ವ್ಯವಸ್ಥೆ ಅವರ ಶಾಲೆಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ತೊಂಬತ್ತರ ಮೇಲೆ ಅಂಕ ತೆಗೆದವರಿಗೆ ಮಾತ್ರ. ನಿಧಿಯದು ಎಪ್ಪತ್ತೆರಡು. ಈ ವರ್ಷ ಹೊಸ ಸುತ್ತೋಲೆ ಬಂತು: ಅವಕಾಶ ವಿಸ್ತರಣೆ! ಇನ್ನು ಅಂಕ ಕೇಳುವುದಿಲ್ಲ, ಬಾಗಿಲು ಎಲ್ಲರಿಗೂ ತೆರೆದಿದೆ. ಸೀಟು ಮಾತ್ರ ಮೂವತ್ತು. ಎಲ್ಲರಿಗೂ ತೆರೆದ ಬಾಗಿಲಲ್ಲಿ ಮೂವತ್ತೇ ಜನ ನುಗ್ಗುವುದು ಹೇಗೆಂದು ಸುತ್ತೋಲೆ ಹೇಳಿರಲಿಲ್ಲ.

ನಿಧಿ ಸಂಖ್ಯಾಶಾಸ್ತ್ರದ ಕೋರ್ಸ್ ಬೇಕೆಂದಳು. ಯಾವುದನ್ನೂ ಹೀಗೆ ಬಾಯಿಬಿಟ್ಟು ಕೇಳುವ ಹುಡುಗಿಯಲ್ಲ. "ಅಪ್ಪಾ, ಫಸ್ಟ್ ಟೈಮ್ ನನಗೂ ಚಾನ್ಸ್ ಇದೆ," ಎಂದಳು. ನಾನು ಧಾರವಾಡದಲ್ಲಿ ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಿದವನು. ಆದರೆ ಯಾವುದನ್ನೂ ಪುಕ್ಕಟೆ ನಂಬುವವನಲ್ಲ.

ಊದ್ ಮೇಥಾದ ಶಾಲೆಯಲ್ಲಿ ಪೋಷಕರ ಸಭೆ ಕರೆದಿದ್ದರು. ನಾನು ಎದ್ದು ನಿಂತು, "ಎಲ್ಲರಿಗೂ ಕೊಟ್ಟರೆ ಕಾಲೇಜಿನ ಗುಣಮಟ್ಟ ಏನಾಗಬೇಕು? ಯಾರು ಬೇಕಾದರೂ ಒಳಗೆ ಬಂದುಬಿಡಬಹುದಲ್ಲ?" ಎಂದು ಗಂಭೀರವಾಗಿ ಕೇಳಿದೆ. ನಿಧಿ ಕುರ್ಚಿಯಲ್ಲೇ ಅರ್ಧ ಅಡಿ ಕುಸಿದಳು. ಸಂಯೋಜಕಿ ಮೇಡಂ ಮೈಸೂರಿನವರು, ನಯವಾಗಿ ನಕ್ಕು, "ಯಾರೂ ಹೊರಗುಳಿಯಬಾರದು ಅನ್ನೋದೇ ನಮ್ಮ ಉದ್ದೇಶ ಸರ್," ಎಂದರು.

ಅರ್ಜಿಗೆ ಶುಕ್ರವಾರ ಮಧ್ಯಾಹ್ನ ಕೊನೆ. "ನಾನೇ ತುಂಬ್ತೀನಿ ಅಪ್ಪಾ, ಟೂ ಮಿನಿಟ್ಸ್," ಎಂದಳು ನಿಧಿ.

"ನೀನು ಅಪ್ರಾಪ್ತ ವಯಸ್ಕಳು," ಎಂದೆ. "ಇದು ಸ್ಪಾನ್ಸರ್ ಮಾಡೋ ಕೆಲಸ."

ಜುಮೇರಾ ಲೇಕ್ ಟವರ್ಸಿನ ನನ್ನ ಆಫೀಸಿನಲ್ಲಿ ಕೂತು ಅರ್ಜಿ ತೆರೆದೆ. ನನ್ನ ಗುರುತಿನ ಸಂಖ್ಯೆ ಒತ್ತಿದ ಕೂಡಲೇ ಹೆಸರು, ಹುಟ್ಟಿದ ದಿನ, ಫೋಟೋ ಎಲ್ಲವೂ ತಾವಾಗಿಯೇ ಬಂದು ಕುಳಿತವು. ನನಗೆ ಸಂತೋಷವಾಯಿತು. ಈ ಊರಲ್ಲಿ ಎಲ್ಲ ಅರ್ಜಿಗಳೂ ಶುರುವಾಗುವುದು ಹಾಗೆಯೇ. ಮೊದಲು ಸ್ಪಾನ್ಸರ್, ಆಮೇಲೆ ಉಳಿದವರು. 'ತರಗತಿ' ಎಂದಿತು. ಹನ್ನೊಂದು ಎಂದೆ. 'ಪೋಷಕರ ಹೆಸರು' ಎಂದಿತು. ನನ್ನ ಹೆಸರು ಆಗಲೇ ಬಂದಿದೆಯಲ್ಲ, ಇನ್ನೊಬ್ಬರನ್ನು ಕೇಳುತ್ತಿದೆ ಎಂದುಕೊಂಡು ಹೆಂಡತಿ ಶರ್ಮಿಳಾಳ ಹೆಸರು, ನಂಬರು ಹಾಕಿದೆ. 'ಸಂಬಂಧ' ಎಂಬಲ್ಲಿ ತಂದೆ, ತಾಯಿ, ಇತರೆ ಎಂದಿತ್ತು. ಸ್ಪಾನ್ಸರಿಗೆ ಏನಾಗಬೇಕೆಂದು ಕೇಳುತ್ತಿದೆ ಎಂದುಕೊಂಡೆ. ಶರ್ಮಿಳಾ ನನಗೆ ತಾಯಿಯಲ್ಲ. 'ಇತರೆ' ಒತ್ತಿದೆ. ಮಗಳ ಹೆಸರು ಎಲ್ಲೂ ಕೇಳಲಿಲ್ಲ. ಕೊನೆಯಲ್ಲಿ ಕೇಳುತ್ತದೆ ಅಂದುಕೊಂಡೆ. ಕೊನೆಯಲ್ಲಿ ಬಣ್ಣದ ಕಾಗದದ ಚೂರುಗಳು ಪರದೆಯ ಮೇಲೆ ಉದುರಿದವು. "ಅಭಿನಂದನೆಗಳು ಶಿವಾನಂದ! ಮೂವತ್ತನೆಯ ಸೀಟು ನಿಮ್ಮದು!"

ಕರೆಂಟಿನವರೂ ನನಗೆ 'ಪ್ರಿಯ ಶಿವಾನಂದ' ಎಂದೇ ಬರೆಯುತ್ತಾರೆ. ಅನುಮಾನವೇ ಬರಲಿಲ್ಲ. ಎಲ್ಲವನ್ನೂ ಅನುಮಾನಿಸುವ ಮನುಷ್ಯ ಅನುಮಾನಿಸದೆ ಬಿಟ್ಟದ್ದು ಅದೊಂದನ್ನೇ!

ಹತ್ತು ನಿಮಿಷಕ್ಕೆ ಶರ್ಮಿಳಾ ಫೋನ್ ಮಾಡಿದಳು. ಅವಳು ಪುತ್ತೂರಿನವಳು.

"ರೀ, ಎಂತ ಮಾಡಿದ್ದು ನೀವು? ನಿಮ್ಮನ್ನು ಹನ್ನೊಂದನೇ ಕ್ಲಾಸಿಗೆ ಸೇರಿಸ್ಲಿಕ್ಕೆ ನನ್ನ ಒಪ್ಪಿಗೆ ಕೇಳ್ತಾ ಇದ್ದಾರಲ್ಲ!"

"ಏನೋ ತಾಂತ್ರಿಕ ದೋಷ ಇರಬೇಕು."

"ದೋಷದ ಫೋಟೋವೂ ಹಾಕಿದ್ದಾರೆ ಮಾರಾಯ್ರೆ. ನಿಮ್ಮದೇ!"

ನಿಧಿ ಕೂಡಲೇ ತಾನೇ ಅರ್ಜಿ ಹಾಕಿದಳು. ನಿಜವಾಗಿಯೂ ಎರಡೇ ನಿಮಿಷ ಹಿಡಿಯಿತು. ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು! ಸಂಜೆ ನಾನು ಮನೆಗೆ ಬಂದಾಗ ಅಳಲಿಲ್ಲ, ಬೈಯಲಿಲ್ಲ. "ಇಟ್ಸ್ ಓಕೆ ಅಪ್ಪಾ," ಎಂದು ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಸೋಮವಾರ ರಜೆ ಹಾಕಿ ಶಾಲೆಗೆ ಓಡಿದೆ. "ನನ್ನ ಹೆಸರು ತೆಗೆದು ಮಗಳದು ಹಾಕಿ, ಖಲಾಸ್," ಎಂದೆ.

ಮೇಡಂ ಕಂಪ್ಯೂಟರ್ ನೋಡಿದರು. "ಆಗೋಲ್ಲ ಸರ್. ಮೊದಲು ವಯಸ್ಸು, ಅಂಕ ಎರಡನ್ನೂ ಪರಿಶೀಲಿಸ್ತಿದ್ವಿ. ಅವಕಾಶ ವಿಸ್ತರಣೆ ಆದ್ಮೇಲೆ ತೆಗೆದ್ಬಿಟ್ವಿ. ಈಗ ಯಾವ ವಿದ್ಯಾರ್ಥಿಯನ್ನೂ ಅರ್ಹತಾ ಪರೀಕ್ಷೆಗೆ ಮುಂಚೆ ಕೈಬಿಡೋ ಹಾಗಿಲ್ಲ."

"ನಾನು ವಿದ್ಯಾರ್ಥಿಯಲ್ಲ!"

"ಸಿಸ್ಟಮ್ ಪ್ರಕಾರ ಹೌದು. ಶನಿವಾರ ಪರೀಕ್ಷೆ ಬರೀರಿ. ಫೇಲ್ ಆದ್ರೆ ಸೀಟು ತಾನಾಗೇ ನಿಧಿಗೆ ಹೋಗುತ್ತೆ. ಕಾಯೋ ಪಟ್ಟಿಯವರಿಗೆ ಪರೀಕ್ಷೆ ಇಲ್ಲ."

"ಬರದಿದ್ದರೆ?"

"ಗೈರುಹಾಜರಾದ ಮಗುವಿಗೆ ಇನ್ನೂ ಎರಡು ಅವಕಾಶ ಕೊಡ್ತೀವಿ. ಅಷ್ಟರಲ್ಲಿ ಕ್ಲಾಸ್ ಶುರುವಾಗಿರುತ್ತೆ."

"ಖಾಲಿ ಹಾಳೆ ಕೊಟ್ಟರೆ?"

"ಅದೂ ಗೈರುಹಾಜರಿನೇ. ಆದ್ರೆ ದಯವಿಟ್ಟು ಪಾಸ್ ಆಗ್ಬೇಡಿ ಸರ್. ಪಾಸ್ ಆದ್ರೆ ಸೀಟು ಖಾಯಂ."

ಸುದ್ದಿ ಲಿಫ್ಟ್ ಹತ್ತಿತು. ಪಕ್ಕದ ಫ್ಲಾಟಿನ ಹಮೀದಾಕ, ದೇರಾದಲ್ಲಿ ಮಸಾಲೆ ಅಂಗಡಿ ಇಟ್ಟಿರುವ ಬ್ಯಾರಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯೂನಿಫಾರ್ಮ್ ಹೊಲಿಸಿ ಆಯ್ತಾ ಸಾರ್? ಫೇಲ್ ಆಗುದು ಎಂತ ದೊಡ್ಡದು! ನಾನು ಹತ್ತನೇ ಕ್ಲಾಸಲ್ಲಿ ಕೋಚಿಂಗ್ ಇಲ್ಲದೆ ಎರಡು ಸಲ ಆಗಿದ್ದೇನೆ. ಯಲ್ಲಾ, ಧೈರ್ಯವಾಗಿ ಹೋಗಿ!"

ಶನಿವಾರ ಬೆಳಿಗ್ಗೆ ಹದಿನಾರರ ಮಕ್ಕಳ ನಡುವೆ ಮೊಣಕಾಲು ಮಡಚಿ ಕುಳಿತೆ. ಪಕ್ಕದ ಹುಡುಗಿ, "ಅಂಕಲ್, ಆರ್ ಯು ದಿ ಇನ್ವಿಜಿಲೇಟರ್?" ಎಂದು ಪೆನ್ಸಿಲ್ ಮುಚ್ಚಿಟ್ಟಳು. ಪ್ರಶ್ನೆಗಳು ಇಪ್ಪತ್ತು. ಯಾವ ಮಗುವಿಗೂ ಭಯವಾಗಬಾರದೆಂದು ಎಲ್ಲವೂ 'ಸರಿ ಅಥವಾ ತಪ್ಪು' ಮಾದರಿ. ಹನ್ನೆರಡು ಸರಿಯಾದರೆ ಪಾಸು.

ನನ್ನ ಯೋಜನೆ ಸರಳವಾಗಿತ್ತು. ಪ್ರತಿ ಪ್ರಶ್ನೆಗೂ ನನಗೆ ಗೊತ್ತಿರುವ ಉತ್ತರವನ್ನು ನೆನಪಿಸಿಕೊಳ್ಳುವುದು, ಅದರ ವಿರುದ್ಧ ಗುರುತು ಹಾಕುವುದು. ಸ್ನಾತಕೋತ್ತರ ಪದವೀಧರನಿಗೆ ಇದಕ್ಕಿಂತ ಘನತೆಯ ಸೋಲು ಉಂಟೆ? 'ಸಹಸಂಬಂಧ ಸೊನ್ನೆಯಾದರೆ ಎರಡಕ್ಕೂ ಯಾವ ಸಂಬಂಧವೂ ಇಲ್ಲ' ಎಂದಿತ್ತು. ಧಾರವಾಡದ ಮೇಷ್ಟ್ರು ಹೌದು ಎಂದದ್ದು ಸ್ಪಷ್ಟವಾಗಿ ನೆನಪಾಯಿತು. ಅಥವಾ ಅವರು ಆ ದಿನ ರಜೆಯಿದ್ದರೋ? ಇರಲಿ, 'ತಪ್ಪು' ಎಂದು ಗುರುತಿಸಿದೆ. ಹೀಗೆ ಇಪ್ಪತ್ತನ್ನೂ ತ್ಯಾಗಮಯವಾಗಿ ಉಲ್ಟಾ ಮಾಡಿದೆ. ಶರ್ಮಿಳಾಳೊಡನೆ ಹೊರಗೆ ಕಾಯುತ್ತಿದ್ದ ನಿಧಿಗೆ, "ಸೀಟು ನಿನ್ನದೇ. ನಿನ್ನಪ್ಪ ಸೊನ್ನೆ ತಗೊಂಡು ಬಂದಿದಾನೆ," ಎಂದೆ. ವಾರದಲ್ಲಿ ಮೊದಲ ಸಲ ಅವಳು ನಕ್ಕಳು.

ಅರ್ಧ ಗಂಟೆಯಲ್ಲಿ ಫಲಿತಾಂಶ ಪೋಷಕರ ಫೋನಿಗೆ ಬಂತು. ಅಂದರೆ ಶರ್ಮಿಳಾಗೆ.

"ಇಪ್ಪತ್ತಕ್ಕೆ ಹದಿನಾಲ್ಕು," ಎಂದಳು. "ಪಾಸ್ ಮಾರಾಯ್ರೆ!"

ನಿಧಿಯ ನಗು ಅಲ್ಲೇ ನಿಂತಿತು. ನಾನು ಮೇಡಂ ಕೋಣೆಗೆ ನುಗ್ಗಿದೆ, ಅವರಿಬ್ಬರೂ ಹಿಂದೆಯೇ ಬಂದರು. "ಅನ್ಯಾಯ! ನಾನು ಎಲ್ಲವನ್ನೂ ಬೇಕಂತಲೇ ತಪ್ಪು ಬರೆದಿದ್ದೇನೆ!"

"ಅಂದ್ರೆ ಸರಿ ಅಂತ ನೀವು ನಂಬಿದ್ದಕ್ಕೆ ಉಲ್ಟಾ?"

"ಒಂದೂ ಬಿಡದೆ!"

ಮೇಡಂ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಸರ್, ಪ್ರಾಮಾಣಿಕವಾಗಿ ಬರೆದಿದ್ರೆ ನಿಮಗೆ ಬರ್ತಿದ್ದದ್ದು... ಆರು."

ನಿಧಿ ಚಾವಣಿ ನೋಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು.

"ಆರು ಅಂದ್ರೆ ಫೇಲ್," ಎಂದು ಮೇಡಂ ಉತ್ಸಾಹದಿಂದ ಲೇಖನಿ ಕೊಟ್ಟರು. "ಇದನ್ನ ಬರೆದುಕೊಡಿ. ವಿಶ್ವವಿದ್ಯಾಲಯದವರ ಹತ್ರ ನಾನು ಮಾತಾಡ್ತೀನಿ."

ಬರೆದೆ. 'ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಪದವೀಧರನಾದ ನಾನು, ಸದರಿ ವಿಷಯದಲ್ಲಿ ಶಾಲಾ ಮಟ್ಟದ ತಿಳುವಳಿಕೆಯೂ ನನಗಿಲ್ಲವೆಂದು ಸ್ವಸಂತೋಷದಿಂದ ದೃಢೀಕರಿಸುತ್ತೇನೆ. ನನಗೆ ಬಂದಿರುವ ಅಂಕಗಳು ನನ್ನ ಅಜ್ಞಾನದ ಫಲವೇ ಹೊರತು ಬೇರೇನಲ್ಲ.' ಮೇಡಂ ಎಲ್ಲಿಗೋ ಫೋನ್ ಮಾಡಿದರು, ಹಾಳೆಯನ್ನು ಓದಿ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. ನಿಧಿಗೆ ಸೀಟು ಸಿಕ್ಕಿತು.

"ಇಲ್ಲಿ ವಿದ್ಯಾರ್ಥಿಯ ಪೋಷಕರ ಸಹಿ ಬೇಕು," ಎಂದು ಮೇಡಂ ನಾನು ಬರೆದದ್ದರ ಕೆಳಗೆ ಬೆರಳಿಟ್ಟರು. ಶರ್ಮಿಳಾ ಹಾಳೆ ಎಳೆದುಕೊಂಡು ಕಣ್ಣೂ ಹಾಯಿಸದೆ ಸಹಿ ಮಾಡಿದಳು.

"ಒಮ್ಮೆ ಓದಿ ನೋಡಿ," ಎಂದರು ಮೇಡಂ.

"ಓದ್ಲಿಕ್ಕೆ ಎಂತ ಉಂಟು?" ಎಂದಳು ಶರ್ಮಿಳಾ. "ಮದುವೆಯಾದ ವಾರವೇ ಗೊತ್ತಾಗಿತ್ತು."