ಸ್ಪಾಸನ ಹೋಟೆಲ್ ತಲೆ

ಹೆಂಡತಿ ಬೀರುವಿಗೆ ಬೀಗ ಜಡಿದರೆ ಗಂಡಸಾದವನು ಏನು ಮಾಡಬೇಕು? ಕಾಯಿಲೆ ಬೀಳಬೇಕು! ಸ್ಪಾಸನಿಗೆ ಈ ಜ್ಞಾನೋದಯವಾದದ್ದು ಸೋಮವಾರ ಬೆಳಿಗ್ಗೆ. ಬೀರುವಿನೊಳಗೆ ಅವನೇ ಬಟ್ಟಿ ಇಳಿಸಿದ ಪ್ಲಮ್ ಹಣ್ಣಿನ ರಕಿಯಾ ಇತ್ತು. ಹಬ್ಬದ ದಿನ ಅವನು ಪಾದ್ರಿಗಳ ಟೋಪಿ ಹಾಕಿಕೊಂಡು ಕುಣಿದ ಮೇಲೆ ಬೀಗದ ಕೈ ಹೆಂಡತಿ ರಾದ್ಕಾಳ ಸೊಂಟ ಸೇರಿತ್ತು. ಆದರೆ ನೆಗಡಿಯಾದವರಿಗೆ ಅದೇ ರಕಿಯಾಕ್ಕೆ ಜೇನು, ಕಾಳುಮೆಣಸು, ಚಕ್ಕೆ ಹಾಕಿ ಬಿಸಿಮಾಡಿ ಕೊಡುವುದು ಬಲ್ಗೇರಿಯಾದ ಟ್ರಯಾವ್ನಾ ಊರಿನ ಪರಂಪರಾಗತ ಮಹಾವೈದ್ಯ.

ಸ್ಪಾಸ್ ನಾಲ್ಕು ಸಲ ಸೀನಿ, ಗಂಟಲು ಹಿಡಿದುಕೊಂಡು, ಮಾತೇ ಹೊರಡದವನಂತೆ ಮಂಚದ ಮೇಲೆ ಉರುಳಿದ. (ನಾಟಕ ಸ್ವಲ್ಪ ಜಾಸ್ತಿಯಾಯಿತು. ಧ್ವನಿ ಉಳಿಸಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದ.)

ತೊಡಕಿದ್ದದ್ದು ತಲೆಯಲ್ಲಿ. ಬಲ್ಗೇರಿಯಾದಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ ಹೂಂ, ಮೇಲೆ ಕೆಳಗೆ ಆಡಿಸಿದರೆ ಉಹೂಂ. ಸ್ಪಾಸ್ ಮಾತ್ರ ಇಪ್ಪತ್ತೆರಡು ಬೇಸಿಗೆ ಸಮುದ್ರದಂಡೆಯ ಹೋಟೆಲಿನಲ್ಲಿ ವಿದೇಶಿಯರಿಗೆ ಊಟ ಬಡಿಸಿದವನು. ಅವರಿಗೋಸ್ಕರ ತಲೆಯನ್ನೇ ತಿರುವುಮುರುವು ಮಾಡಿಕೊಂಡಿದ್ದ. "ಆ ಹೋಟ್ಲು ತಲೇನ ಕೋಟಿನ್ ಜೊತೆ ಬಾಗ್ಲಲ್ಲೇ ನೇತುಹಾಕಿ ಒಳಗೆ ಬನ್ನಿ" ಎಂದು ರಾದ್ಕಾ ಬೈಯುತ್ತಲೇ ಇದ್ದಳು.

"ಅಯ್ಯೋ, ಗಂಟ್ಲು ಪೂರ್ತಿ ಕಟ್ಕೊಂಡ್ಬಿಟ್ಟಿದೆಯಲ್ರೀ! ರಕಿಯಾ ಬಿಸಿ ಮಾಡ್ಲಾ?" ಕರಗಿಹೋದ ರಾದ್ಕಾ ಬೀರು ತೆರೆದೇಬಿಟ್ಟಳು.

ಆ ಆನಂದದಲ್ಲಿ ಸ್ಪಾಸನ ತಲೆ ನೇರ ಹೋಟೆಲಿಗೆ ಹೋಯಿತು. ಮೇಲೆ, ಕೆಳಗೆ, ಮೇಲೆ, ಕೆಳಗೆ.

"ಬೇಡ್ವಾ! ಅಮ್ಮಾ, ಇಲ್ಲಿ ಬಾರಮ್ಮಾ! ಇವ್ರು ರಕಿಯಾ ಬೇಡ ಅಂತಿದಾರೆ!"

ಅತ್ತೆ ಗೀನಾ ಅಡುಗೆಮನೆಯಿಂದ ಓಡಿಬಂದಳು. "ಹಾಗಾದ್ರೆ ಕಾಯ್ಲೆ ಜೋರಾಗೇ ಇದೆ. ನನ್ನ ಕಷಾಯ ಕುಡೀತೀರಾ ಅಳಿಯಂದ್ರೇ?"

ಗಾಬರಿಬಿದ್ದ ಸ್ಪಾಸ್ ಕತ್ತು ಕಳಚುವಂತೆ ತಲೆಯನ್ನು ಅಡ್ಡಡ್ಡ ಆಡಿಸಿದ.

"ನೋಡೇ, ಎಷ್ಟು ಆಸೆ ನನ್ನ ಕಷಾಯದ ಮೇಲೆ!" ಅತ್ತೆಯ ಕಣ್ಣಲ್ಲಿ ನೀರೇ ಬಂತು. "ಮದ್ವೆಯಾದಾಗಿಂದ ಒಂದಿನ ನನ್ನ ಕೈರುಚಿ ಹೊಗಳಿದೋರಲ್ಲ."

ಕಾಳುಮೆಣಸು, ಲವಂಗ, ಒಣಶುಂಠಿ, ಸಾಲದ್ದಕ್ಕೆ ಒಂದು ಹಿಡಿ ಖಾರದ ಪುಡಿ. ತಾಯಿ ಮೂಗು ಹಿಡಿದಳು, ಮಗಳು ಸುರಿದಳು. ಸ್ಪಾಸನ ಕಿವಿಯಲ್ಲಿ ಹೊಗೆ ಬಂತು. ಮಾನ ಹೋದರೆ ಹೋಗಲಿ, ಎಲ್ಲ ಸುಳ್ಳೆಂದು ಒಪ್ಪಿಕೊಂಡುಬಿಡೋಣ ಎಂದು ಬಾಯಿ ತೆರೆದ. ಈಗ ನಿಜವಾಗಿಯೂ ಧ್ವನಿ ಇರಲಿಲ್ಲ.

ಬೀರು ತೆರೆದದ್ದು ದಂಡವಾಗಬಾರದೆಂದು ಅತ್ತೆ ರಕಿಯಾ ಬಿಸಿಮಾಡಿ, ಅಳಿಯನ ಎದುರಿಗೇ ಹೀರುತ್ತ ಕುಳಿತಳು.

"ಇನ್ನೊಂದು ಬಟ್ಲು ಕಷಾಯ ಕೊಡ್ಲಾ ರೀ?" ಎಂದಳು ರಾದ್ಕಾ.

ಹೂಂ ಯಾವುದು, ಉಹೂಂ ಯಾವುದು? ಸ್ಪಾಸನಿಗೆ ಎಲ್ಲ ಮರೆತುಹೋಗಿತ್ತು. ತಲೆ ಒಂದು ಕೂದಲೆಳೆಯಷ್ಟೂ ಅಲುಗದಂತೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಪಾಪ, ತಲೆನೋವೂ ಬಂದಿದೆ ಕಣೇ," ಅತ್ತೆ ಲೋಟ ಕೆಳಗಿಟ್ಟಳು. "ಇನ್ನೊಂದು ಚಮಚ ಮೆಣಸು ಹಾಕು."