ಫೋನ್ ಕೇಳಿದ್ದನ್ನೆಲ್ಲ ಕೊಡಬೇಕಾ?

ಹಿರಿಯೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು ಕೂತವಳಿಗೆ ನಗುವುದಕ್ಕೆ ಬೇರೆ ಏನೂ ಬೇಕಿಲ್ಲ. ಬೆಳಗಾದರೆ ಯಾರಾದರೊಬ್ಬರು ಫೋನನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, "ಅಕ್ಕ, ಇದು ಏನೋ ಕೇಳ್ತೈತೆ ನೋಡು" ಅನ್ನುತ್ತಾರೆ. ಹೊಸ ಆ್ಯಪ್ ಹಾಕಿದ ಕೂಡಲೇ ಅದು ಕ್ಯಾಮೆರಾ ಕೊಡು, ನಿನ್ನ ಹತ್ತಿರ ಇರುವ ನಂಬರೆಲ್ಲ ಕೊಡು, ನೀನು ಎಲ್ಲಿದ್ದೀಯ ಹೇಳು ಅಂತ ಶುರು ಮಾಡುತ್ತದಲ್ಲ, ಅದೇ. ಬೇಕಾದ್ದಕ್ಕೆ ಅಲೋ, ಬೇಡದ್ದಕ್ಕೆ ಡಿನೈ, ಇಷ್ಟೇ ವಿಷಯ. ಆದರೆ ನಮ್ಮ ಜನ ಯಾವುದನ್ನಾದರೂ ಇಷ್ಟಕ್ಕೇ ಬಿಟ್ಟಿದ್ದುಂಟೇ?

ವಾರದ ಲೆಕ್ಕ

ಪಕ್ಕದ ಹಿಟ್ಟಿನ ಗಿರಣಿಯ ಯಜಮಾನರು ಒಂದು ದಿನ ಬಂದರು. ದಾವಣಗೆರೆ ಹಾಸ್ಟೆಲಿನಲ್ಲಿರುವ ಮೊಮ್ಮಗಳು ವಿಡಿಯೋ ಕಾಲ್ ಮಾಡಿದರೆ ಅವಳ ಮುಖ ಇವರಿಗೆ ಕಾಣುತ್ತದಂತೆ, ಇವರ ಮುಖ ಅವಳಿಗೆ ಕಾಣುವುದಿಲ್ಲವಂತೆ, ಮಾತೂ ಕೇಳಿಸುವುದಿಲ್ಲವಂತೆ. ನೋಡಿದರೆ ಆ ಆ್ಯಪಿಗೆ ಕ್ಯಾಮೆರಾ, ಮೈಕು ಯಾವುದನ್ನೂ ಕೊಟ್ಟಿಲ್ಲ. ಅದೇ ಫೋನಿನಲ್ಲಿ ಒಂದು ಟಾರ್ಚ್ ಆ್ಯಪ್ ಇತ್ತು. ಅದಕ್ಕೆ ಫೋಟೋ, ಮೈಕು, ನಂಬರು, ಮನೆ ಇರುವ ಜಾಗ, ಎಲ್ಲವನ್ನೂ ಧಾರೆ ಎರೆದಿದ್ದಾರೆ.

"ಬೆಳಕು ಬಿಡೋ ಟಾರ್ಚಿಗೆ ಬೀಗರ ನಂಬರ್ ಯಾಕ್ರಿ ಯಜಮಾನ್ರೇ?" ಅಂದೆ.

"ಕೇಳ್ತಲ್ಲಮ್ಮ! ಬಾಗ್ಲಿಗೆ ಬಂದು ಕೇಳಿದೋರಿಗೆ ಇಲ್ಲ ಅನ್ನೋಕಾಗ್ತದಾ?"

"ಮತ್ತೆ ಮೊಮ್ಮಗಳ ಆ್ಯಪಿಗೆ ಇಲ್ಲ ಅಂದಿದೀರಲ್ಲ?"

ಅವರು ನನ್ನನ್ನೇ ಬುದ್ಧಿ ಇಲ್ಲದವಳ ಹಾಗೆ ನೋಡಿದರು. "ಅದನ್ನ ಹಾಕ್ಸಿದ್ದು ಶುಕ್ರವಾರ. ಶುಕ್ರವಾರ ದಿನ ಮನೆಯಿಂದ ಏನಾದ್ರೂ ಆಚೆ ಕೊಡ್ತಾರೇನಮ್ಮ?"

ರಾಗಿ ಡಬ್ಬ

ಎಲ್ಲರ ಫೋನೂ ರಿಪೇರಿ ಮಾಡುವವಳ ಮನೆ ಹೇಗಿರುತ್ತದೆ ಕೇಳಿ. ಕೆಲವು ಆ್ಯಪುಗಳು ಮೈಕು ಕೇಳುತ್ತವೆ, ನೋಡಿಕೊಂಡು ಕೊಡಬೇಕು ಅಂತ ನಮ್ಮ ಅತ್ತೆಗೆ ಒಮ್ಮೆ ಹೇಳಿದ್ದೇ ತಪ್ಪಾಯಿತು. ಮಧ್ಯಾಹ್ನ ಬೀದಿಯ ಹೆಂಗಸರು ನಮ್ಮ ಜಗಲಿಯಲ್ಲಿ ಸೇರುವುದು ವಾಡಿಕೆ. ಊರಿನವರ ವಿಷಯವೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಅವತ್ತಿನಿಂದ ಮಾತು ಶುರುವಾಗುವ ಮೊದಲು ಅತ್ತೆ ರಾಗಿ ಡಬ್ಬ ತಂದು ಮಧ್ಯೆ ಇಡುತ್ತಾರೆ. ಎಲ್ಲರೂ ಫೋನನ್ನು ರಾಗಿಯೊಳಗೆ ಹೂತು, ಮುಚ್ಚಳ ಹಾಕಿ, ಆಮೇಲೆ ಬಾಯಿ ಬಿಡುತ್ತಾರೆ.

ಒಂದು ದಿನ ಎದುರುಮನೆಯವರು ಅವಸರದಲ್ಲಿ ಮೂಲೆಮನೆಯವರ ಫೋನ್ ಎತ್ತಿಕೊಂಡು ಹೋದರು. ಸಂಜೆ ಅದಕ್ಕೆ ಮೂಲೆಮನೆಯವರ ಅಳಿಯ ಫೋನ್ ಮಾಡಿದ್ದಾನೆ. ಇವರು ಯಾರು ಏನು ಅಂತ ಕೇಳದೆ ಬಾಯಿ ತುಂಬ ಮಾತಾಡಿ, "ಹಬ್ಬಕ್ಕೆ ಮಕ್ಕಳನ್ನ ಕರ್ಕಂಡು ಬರ್ರಿ" ಅಂತ ಕರೆದೂ ಬಿಟ್ಟಿದ್ದಾರೆ. ಅಳಿಯ ಬಂದ. ಬಂದವನು ನೇರವಾಗಿ ಎದುರುಮನೆಗೇ ಹೋಗಲಿಲ್ಲವಲ್ಲ, ಅದೊಂದು ಪುಣ್ಯ.

ನನಗೆ ತಲೆ ಕೆಟ್ಟು ಎಲ್ಲರ ಫೋನಿನಲ್ಲೂ ಬೇಡದ ಆ್ಯಪುಗಳ ಮೈಕು ಆಫ್ ಮಾಡಿಕೊಟ್ಟೆ. "ಇನ್ನು ಡಬ್ಬ ಒಳಗಿಡಿ ಅತ್ತೆ."

"ಇರ್ಲಿ ಬಿಡವ್ವ," ಅಂದರು ಅತ್ತೆ. "ನೀನು ಆಫ್ ಮಾಡಿದ್ದು ಅಪ್‌ಡೇಟ್ ಬಂದ್ರೆ ಮತ್ತೆ ಆನ್ ಆದ್ರೂ ಆಗಬೋದು. ಡಬ್ಬಕ್ಕೆ ಅಪ್‌ಡೇಟ್ ಬರಲ್ಲ."

ಹುಲ್ಲಿನ ಗುಟ್ಟು

ಇವರೆಲ್ಲರಿಗಿಂತ ನನಗೆ ಇಷ್ಟವಾದವರು ಐಮಂಗಲದ ಕಡೆಯ ಒಬ್ಬ ಕುರಿ ಕಾಯುವ ಯಜಮಾನರು ಮತ್ತು ಅವರ ಹೆಂಡತಿ. ಆಯಮ್ಮ ಗಂಡನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಅಂಗಡಿಗೆ ಬಂದರು. "ದಿನಾ ಒಂದೊಂದು ಕಡೆ ಕುರಿ ಹೊಡ್ಕಂಡು ಹೋಗ್ತಾನೆ. ನಾನು ಬುತ್ತಿ ಹೊತ್ಕಂಡು ಗುಡ್ಡ ಗುಡ್ಡ ಹುಡುಕ್ಬೇಕು. ಇವ್ನು ಎಲ್ಲಿದಾನೆ ಅಂತ ನನ್ನ ಫೋನಿಗೆ ಗೊತ್ತಾಗಂಗೆ ಮಾಡು ತಾಯಿ."

ಯಜಮಾನರು ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಆಗಾಕಿಲ್ಲ. ಹುಲ್ಲಿರೋ ಜಾಗ ಯಾರಿಗೂ ಹೇಳಬಾರ್ದು."

ಅವರ ಸಂಕಟ ನಿಜವಾದದ್ದೇ. ಮಳೆ ಬಿದ್ದು, ಯಾರ ಕಣ್ಣಿಗೂ ಬೀಳದ ಒಂದು ಕಣಿವೆಯಲ್ಲಿ ಹುಲ್ಲು ಚಿಗುರಿತ್ತು. ಮರಿಗಳು ಬಲಿಯುವವರೆಗೆ ಅದನ್ನು ಉಳಿಸಿಕೊಳ್ಳಬೇಕು. ಅವರಿಗೊಬ್ಬ ಷಡ್ಡಕ. ಅವನ ಹಿಂಡು ಇವರದಕ್ಕಿಂತ ದೊಡ್ಡದು. ಇವರು ಎಲ್ಲಿ ಹುಲ್ಲು ಕಂಡರೂ ಮಾರನೇ ವಾರ ಅವನು ಅಲ್ಲಿಗೆ ಹಾಜರ್. ಹಾಗಾಗಿ ಇವರು ಹವಾಮಾನ ಹೇಳುವ ಆ್ಯಪಿಗೂ ಲೊಕೇಶನ್ ಕೊಟ್ಟಿರಲಿಲ್ಲ. ಅದು ಪಾಪ, ಯಾವುದೋ ಊರಿನ ಮಳೆ ತೋರಿಸಿಕೊಂಡು ಕೂತಿತ್ತು.

ಆಯಮ್ಮನೇ ಗಂಡನ ಜೇಬಿನಿಂದ ಫೋನ್ ತೆಗೆದು ನನ್ನ ಕೈಗಿಟ್ಟರು. ನಾನು ಒಂದೊಂದಾಗಿ ತೆಗೆದು ತೋರಿಸಿದೆ. ಫೋಟೋಗೆ ಇಲ್ಲ, ಆಟಕ್ಕೆ ಇಲ್ಲ, ಹವಾಮಾನಕ್ಕೂ ಇಲ್ಲ. ಮ್ಯಾಪಿಗೆ ಮಾತ್ರ ಕೊಟ್ಟು, ಅದರಿಂದ ಹೆಂಡತಿಯ ಫೋನಿಗೆ ಮಾತ್ರ ಹೋಗುವ ಹಾಗೆ ಮಾಡಿದೆ. "ಇನ್ನು ಇವರೊಬ್ಬರನ್ನ ಬಿಟ್ಟು ನೀವೆಲ್ಲಿದೀರ ಅಂತ ಇನ್ಯಾರಿಗೂ ತಿಳಿಯಲ್ಲ" ಅಂತ ಎದೆ ತಟ್ಟಿ ಹೇಳಿದೆ. ಯಜಮಾನರು ಅರ್ಧ ಮನಸ್ಸಿನಲ್ಲಿ ಒಪ್ಪಿದರು.

ಸ್ವಲ್ಪ ದಿನ ಕಳೆದು ಬಂದರು ನೋಡಿ, ಕಂಬಳಿ ಕೊಡವಿಕೊಂಡು! "ಏನವ್ವ, ಏನ್ ಮಾಡ್ದೆ? ನೆನ್ನೆ ನನ್ನ ಷಡ್ಡಕ ಹಿಂಡು ಹೊಡ್ಕಂಡು ಅದೇ ಕಣಿವೆಗೆ ಬಂದ. ನಿನ್ನ ಫೋನೇ ಹೇಳೈತೆ!"

ನಂಬಿ ಬಂದವರಿಗೆ ಮೋಸವಾದರೆ ಅಂಗಡಿ ಮುಚ್ಚಿದ ಹಾಗೆಯೇ. ಫೋನನ್ನು ಹಿಂದೆ ಮುಂದೆ ಜಾಲಾಡಿದೆ. ಎಲ್ಲ ಹಾಕಿದ ಹಾಗೇ ಇದೆ. ಆಯಮ್ಮ ಬುತ್ತಿಗಂಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಅವರ ಫೋನೂ ಇಸಿದುಕೊಂಡು ನೋಡಿದೆ. ಅದರಲ್ಲೂ ತಪ್ಪಿಲ್ಲ. ಬೆಳಿಗ್ಗೆ ಬೆಳಿಗ್ಗೆ ಒಂದೇ ನಂಬರಿಗೆ ಉದ್ದುದ್ದ ಮಾತಾಡಿದ್ದು ಮಾತ್ರ ಕಾಣಿಸಿತು.

"ಇದ್ಯಾರಮ್ಮ?"

"ನಮ್ ತಂಗಿ. ದಿನಾ ಮಾತಾಡ್ತೀವಿ."

"ಏನು ಮಾತಾಡ್ತೀರಿ?"

"ಏನೈತೆ ಮಾತಾಡಾಕೆ? ಏನ್ ಅಡಿಗೆ, ಏನ್ ಕೆಲ್ಸ, ಇವತ್ತು ಬುತ್ತಿ ತಗಂಡು ಎಲ್ಲಿಗ್ ಹೋಗ್ಬೇಕು..." ಅಲ್ಲಿಗೆ ಆಯಮ್ಮನ ಮಾತು ನಿಂತಿತು. ತಂಗಿಯ ಗಂಡನೇ ಆ ಷಡ್ಡಕ.

ಯಜಮಾನರು ಹೆಂಡತಿಯ ಫೋನನ್ನು ನನ್ನ ಮುಂದೆ ತಳ್ಳಿದರು. "ತಗಾ. ಇದ್ರಾಗೆ ಅಕ್ಕ-ತಂಗಿ ಮಾತಾಡೋದು ಎಲ್ಲೈತೆ ಹುಡುಕು. ಅದಕ್ಕೆ ಡಿನೈ ಹಾಕು!"

ಆಯಮ್ಮ ಸೆರಗು ಸರಿಮಾಡಿಕೊಂಡು ಬುತ್ತಿಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು. "ಹಾಕವ್ವ, ಧಾರಾಳವಾಗಿ ಹಾಕು. ಹಂಗೇ ನಾಳೆಯಿಂದ ಬುತ್ತಿಗೂ ಡಿನೈ ಹಾಕ್ಬಿಡು."

ಗಂಟಿನಿಂದ ಬಿಸಿ ರೊಟ್ಟಿಯದೂ ಹುಚ್ಚೆಳ್ಳು ಚಟ್ನಿಯದೂ ವಾಸನೆ ಬರುತ್ತಿತ್ತು. ಯಜಮಾನರು ಗಂಟು ನೋಡಿದರು, ಹೆಂಡತಿಯನ್ನು ನೋಡಿದರು, ಮೆತ್ತಗೆ ಫೋನನ್ನು ಹಿಂದಕ್ಕೆ ಎಳೆದುಕೊಂಡರು.

"ಹುಲ್ಲಿಗೇನವ್ವ," ಅಂದರು, "ಇಬ್ರಿಗೂ ಆಗೋವಷ್ಟು ಐತೆ ಬಿಡು."